ಪೈಪಿಂಗಕ್ಕ ಹೊಲಿದ ನೊಣದ ಪಂಜರ

ಅವಳಿಗೆ ತಂದೆತಾಯಿ ಇಟ್ಟ ಹೆಸರು ಒಂದಿತ್ತು. ಆದರೆ ಅದನ್ನು ಬಳಸುತ್ತಿದ್ದವರು ಬ್ಯಾಂಕಿನವರು ಮಾತ್ರ. ಬೀದಿಯ ಉಳಿದವರಿಗೆಲ್ಲ ಅವಳು ಪೈಪಿಂಗಕ್ಕ. ಬಟ್ಟೆಯ ಅಂಚಿಗೆ ಬೇರೆ ಬಣ್ಣದ ಸಣ್ಣ ಪಟ್ಟಿಯೊಂದನ್ನು ಮಡಚಿ ಹೊಲಿಯುತ್ತಾರಲ್ಲ, ಆ ಪೈಪಿಂಗ್ ಇಲ್ಲದೆ ಅವಳ ಅಂಗಡಿಯಿಂದ ಒಂದು ಕರವಸ್ತ್ರವೂ ಆಚೆ ಹೋದದ್ದಿಲ್ಲ. ದಿಂಬಿನ ಕವರಿಗೂ ಪೈಪಿಂಗ್, ಕಿಟಕಿ ಪರದೆಗೂ ಪೈಪಿಂಗ್. ಒಮ್ಮೆ ಪಕ್ಕದ ಸೈಕಲ್ ರಿಪೇರಿಯವನು ಗ್ರೀಸ್ ಒರೆಸಲು ಹಳೇ ಬಟ್ಟೆ ಕೇಳಿದಾಗ, ಅದಕ್ಕೂ ನೀಲಿ ಅಂಚು ಕಟ್ಟಿ ಕೊಟ್ಟಿದ್ದಳು. ಅವನು ಅದನ್ನು ಒರೆಸಲು ಬಳಸಲು ಮನಸ್ಸಾಗದೆ ಕ್ಯಾಲೆಂಡರಿನ ಪಕ್ಕ ನೇತುಹಾಕಿಕೊಂಡ.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಹಳೆಯ ಬಾಗಿಲೊಂದನ್ನು ಅಡ್ಡಡ್ಡ ಮಲಗಿಸಿ ಮಾಡಿದ ಕತ್ತರಿಸುವ ಮೇಜು, ಕಾಲಲ್ಲಿ ತುಳಿಯುವ ಒಂದು ಮಿಷನ್ನು, ಅಂಚಿನ ಎಳೆ ಬಿಚ್ಚದಂತೆ ಓವರ್‌ಲಾಕ್ ಹಾಕಲು ಇನ್ನೊಂದು, ಮೇಜಿನ ಕೆಳಗೆ ಚೂರುಬಟ್ಟೆ ತುಂಬಿದ ಮೂಟೆಗಳು. ಬಾಗಿಲ ಹಿಂದೆ ನಿಲುವುಗನ್ನಡಿ. ಅವಳ ಗಂಡ ಶಾಲಾ ವ್ಯಾನಿನ ಡ್ರೈವರ್. ಬೆಳಗಿನ ಟ್ರಿಪ್ ಮುಗಿದು ಸಂಜೆಯ ಟ್ರಿಪ್ ಶುರುವಾಗುವವರೆಗೆ ಅವನು ಅಂಗಡಿಯ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಶರ್ಟುಗಳಿಗೆ ಗುಂಡಿ ಹೊಲಿಯುತ್ತಿದ್ದ. ಬಂದವರ ಮುಂದೆ ತನ್ನನ್ನು ಗುಂಡಿ ಇಲಾಖೆಯ ಮುಖ್ಯಸ್ಥ ಎಂದು ಪರಿಚಯಿಸಿಕೊಳ್ಳುತ್ತಿದ್ದ. ಇಬ್ಬರಿಗೂ ಮಾತು ಜಾಸ್ತಿ, ಜಗಳ ಕಡಿಮೆ. ಇದ್ದುದರಲ್ಲಿ ಸುಖವಾಗಿಯೇ ಇದ್ದರು ಎನ್ನಬೇಕು.

ಪೈಪಿಂಗಕ್ಕನಿಗೆ ಕೆಲಸದ ಬಗ್ಗೆ ಇದ್ದದ್ದು ಒಂದೇ ಜಂಬ. ಬಟ್ಟೆಯ ಹೊರಗಡೆ ಯಾರು ಬೇಕಾದರೂ ಚೆಂದ ಮಾಡುತ್ತಾರೆ, ಅದನ್ನು ತಿರುಗಿಸಿ ಒಳಗಡೆ ನೋಡಿದಾಗ ಟೈಲರಿನ ಯೋಗ್ಯತೆ ಗೊತ್ತಾಗುತ್ತದೆ ಎನ್ನುತ್ತಿದ್ದಳು. ಗಿರಾಕಿ ಶರ್ಟು ತೆಗೆದುಕೊಳ್ಳಲು ಬಂದರೆ ಮೊದಲು ಅದನ್ನು ಒಳಮಗ್ಗುಲು ಮಾಡಿ ತೋರಿಸುತ್ತಿದ್ದಳು. ಅವರು ಪಾಪ ಕಾಲರು, ಜೇಬು ನೋಡಬೇಕೆಂದು ಬಂದವರು, ಒಳಗಿನ ಹೊಲಿಗೆ ನೋಡಿ ತಲೆಯಾಡಿಸಿ ಹೋಗುತ್ತಿದ್ದರು.

ಅವಳಿಗೊಬ್ಬ ತಮ್ಮ. ಅಮ್ಮ ದಿನವಿಡೀ ಕೆಲಸಕ್ಕೆ ಹೋಗುತ್ತಿದ್ದುದರಿಂದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ಇವಳೇ. ಅವಳು ಜೀವನದಲ್ಲಿ ಮೊದಲು ಹೊಲಿದ ಬಟ್ಟೆಯೂ ಅವನ ಚಡ್ಡಿಯೇ. ಅದರ ಒಂದು ಕಾಲು ಉದ್ದ, ಇನ್ನೊಂದು ಗಿಡ್ಡ ಆಗಿತ್ತು ಎಂದು ಅವನು ಮೀಸೆ ಬಂದ ಮೇಲೂ ಆಡಿಕೊಳ್ಳುತ್ತಿದ್ದ. ಈಗ ಅವನು ಪೇಟೆಯಾಚೆ, ವ್ಯಾನಿನಲ್ಲಿ ಅರ್ಧ ಗಂಟೆಯ ದಾರಿಯಲ್ಲಿ, ಹೊಲ ಮಾಡಿಕೊಂಡಿದ್ದ. ಬೆಳೆಯುತ್ತಿದ್ದದ್ದು ಸೋಯಾಬೀನ್. ಹೊಲ ಚಿಕ್ಕದು. ಅವನು ಅದರ ಬಗ್ಗೆ ಆಡುತ್ತಿದ್ದ ಮಾತು ಮಾತ್ರ ದೊಡ್ಡದು.

ಹಿಂದಿನ ವರ್ಷ ಆ ಹೊಲಕ್ಕೆ ಹಳದಿ ರೋಗ ಬಡಿದಿತ್ತು. ಮೊದಲು ಬದುವಿನ ಹತ್ತಿರ ನಾಲ್ಕಾರು ಗಿಡಗಳ ಎಲೆಯಲ್ಲಿ ಹಳದಿ ಚುಕ್ಕಿ ಕಾಣಿಸಿತು. ಗೊಬ್ಬರ ಸಾಲದೆ ಹಾಗಾಗಿದೆ ಎಂದುಕೊಂಡು ಅವನು ಗೊಬ್ಬರ ಹಾಕಿದ. ನೋಡನೋಡುತ್ತಿದ್ದಂತೆ ಹೊಲದ ತುಂಬ ಹಳದಿ ಹರಡಿತು. ಆಮೇಲೆ ಔಷಧಿಯ ಕ್ಯಾನು ಬೆನ್ನಿಗೆ ಕಟ್ಟಿಕೊಂಡು ಹೆಗಲ ಚರ್ಮ ಸುಲಿಯುವವರೆಗೆ ಸಿಂಪಡಿಸಿದ. ಸಿಂಪಡಿಸಿದಷ್ಟೂ ರೋಗ ಹೆಚ್ಚಾಯಿತು. ಕೊಯ್ಲಿಗೆ ಬಂದಾಗ ಕಾಯಿಗಳು ಸೊಟ್ಟ, ಒಳಗಿನ ಕಾಳು ಜೊಳ್ಳು. ಆ ಸಲ ಅವನು ಅಕ್ಕನ ಮನೆಗೆ ಬಂದು ಗೋಡೆಗೊರಗಿ ಕುಳಿತವನು ಟೀ ತಣ್ಣಗಾದರೂ ಎತ್ತಿಕೊಳ್ಳಲಿಲ್ಲ. ಪೈಪಿಂಗಕ್ಕ ಅದನ್ನು ಮತ್ತೆ ಬಿಸಿ ಮಾಡಿ ತಂದಿಟ್ಟಳು.

ಆ ಹೊಲದ ದಾರಿಯಲ್ಲೇ ಒಂದು ಬೀಜ ಸಂಶೋಧನೆಯ ತೋಟವಿತ್ತು. ಅಲ್ಲಿ ಕೀಟಗಳನ್ನು ಸಾಕುವ ಕೆಲಸದಲ್ಲಿದ್ದ ಹೆಂಗಸನ್ನು ಎಲ್ಲರೂ ಕೀಟದ ಮೇಡಂ ಎನ್ನುತ್ತಿದ್ದರು. ಸಣ್ಣ ಆಳು, ದೊಡ್ಡ ಕನ್ನಡಕ. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಪೈಪಿಂಗಕ್ಕನ ಅಂಗಡಿಗೆ ಬಂದ ಮೇಡಂ, ಪದ್ಧತಿಯಂತೆ ಅವಳು ಅದನ್ನು ಒಳಮಗ್ಗುಲು ಮಾಡಿ ತೋರಿಸಿದಾಗ, ಉಳಿದವರ ಹಾಗೆ ತಲೆಯಾಡಿಸಿ ಹೋಗಲಿಲ್ಲ. ಹೊಲಿಗೆಯ ಮೇಲೆ ಬೆರಳಾಡಿಸಿ, ನನಗೆ ಕೆಲವು ಪಂಜರ ಹೊಲಿದುಕೊಡುತ್ತೀರಾ ಎಂದು ಕೇಳಿದರು.

ಯಾವ ಹಕ್ಕಿಗೆ ಎಂದಳು ಪೈಪಿಂಗಕ್ಕ. ಹಕ್ಕಿಗಲ್ಲ, ನೊಣಕ್ಕೆ ಎಂದರು ಮೇಡಂ. ಗುಂಡಿ ಇಲಾಖೆಯ ಮುಖ್ಯಸ್ಥ ಸೂಜಿಯನ್ನು ಬೆರಳಿಗೇ ಚುಚ್ಚಿಕೊಂಡ.

ಮೇಡಂ ಕುಳಿತು ವಿವರಿಸಿದರು. ಸೋಯಾಬೀನಿಗೆ ಬರುವ ಆ ಹಳದಿ ರೋಗ ಗಾಳಿಯಿಂದ ಬರುವುದಲ್ಲ, ಗೊಬ್ಬರ ಕಡಿಮೆಯಾಗಿ ಬರುವುದೂ ಅಲ್ಲ. ಬಿಳಿನೊಣ ಎಂಬ ಕೀಟವಿದೆ, ಸಾಸಿವೆಗಿಂತ ಚಿಕ್ಕದು, ಎಲೆಯ ಅಡಿಗೆ ಕುಳಿತು ರಸ ಹೀರುತ್ತದೆ. ರೋಗದ ಗಿಡದ ರಸ ಕುಡಿದು ಆರೋಗ್ಯವಾಗಿರುವ ಗಿಡಕ್ಕೆ ಬಾಯಿ ಹಾಕಿದರೆ ನಂಜು ಅದಕ್ಕೂ ಅಂಟಿತು. ಅಂಟಿದ ಮೇಲೆ ಔಷಧಿ ಇಲ್ಲ. ಅದಕ್ಕೇ ನಂಜನ್ನು ತಡೆದುಕೊಳ್ಳುವ ತಳಿ ಯಾವುದೆಂದು ಹುಡುಕುತ್ತಿದ್ದಾರೆ. ಹುಡುಕುವುದು ಹೇಗೆಂದರೆ, ತೆಳು ಬಲೆಬಟ್ಟೆಯ ಪಂಜರದಲ್ಲಿ ಗಿಡಗಳನ್ನಿಟ್ಟು, ನಂಜು ಹೊತ್ತ ನೊಣಗಳನ್ನು ಒಳಗೆ ಬಿಟ್ಟು, ಯಾವ ಗಿಡ ಹಸಿರಾಗಿ ಉಳಿಯುತ್ತದೆ ಎಂದು ಕಾಯುವುದು. ಅಂಗಡಿಯಿಂದ ತಂದ ಪಂಜರಗಳ ಹೊಲಿಗೆ ಪಿಸಿಯುತ್ತಿದೆ. ಒಂದು ನೊಣವೂ ಆಚೆ ಬರಬಾರದು. ಮುಂದೆ ಕೈ ಹಾಕಲು ಶರ್ಟಿನ ತೋಳಿನಂಥದ್ದು ಒಂದಿರಬೇಕು, ತುದಿಗೆ ದಾರ ಕಟ್ಟುವಂತಿರಬೇಕು. ಬಟ್ಟೆ, ದಾರ ಎಲ್ಲ ಬಿಳಿಯೇ ಇರಲಿ. ಇಷ್ಟು ಹೇಳಿ ಅಳತೆ ಬರೆಸಿ ಮೇಡಂ ಹೋದರು.

ಕುಳ್ಳರಿಗೆ, ದಪ್ಪಗಿರುವವರಿಗೆ, ಒಂದು ಭುಜ ಇಳಿಬಿದ್ದವರಿಗೆ ಹೊಲಿದು ಗೊತ್ತಿತ್ತು, ನೊಣಕ್ಕೆ ಹೊಲಿಯುವುದು ಇದೇ ಮೊದಲು ಎಂದು ಪೈಪಿಂಗಕ್ಕ ಬೀದಿಯಲ್ಲೆಲ್ಲ ಹೇಳಿಕೊಂಡು ನಕ್ಕಳು. ಆದರೆ ಕೆಲಸಕ್ಕೆ ಕುಳಿತಾಗ ನಗು ನಿಂತಿತು. ಬಲೆಬಟ್ಟೆ ಬಹಳ ನಾಜೂಕು. ಕತ್ತರಿಸಿದ ಅಂಚು ಬಿಚ್ಚಿಕೊಳ್ಳುತ್ತಿತ್ತು. ಬರೀ ಹೊಲಿಗೆ ಹಾಕಿದರೆ ಸೂಜಿಯ ತೂತಿನಲ್ಲೇ ನೊಣ ನುಸುಳೀತು. ಅಂಚನ್ನು ಒಳಕ್ಕೆ ಮಡಚಿ, ಅದರ ಮೇಲೊಂದು ಪಟ್ಟಿ ಕಟ್ಟಿದರೆ ಮಾತ್ರ ಭದ್ರ. ಮನೆಯಲ್ಲಿದ್ದ ಬಿಳಿ ಪಟ್ಟಿ ತೋಳುಗಳಿಗೇ ಮುಗಿದುಹೋಯಿತು. ಶಾಲೆಯ ಕ್ರೀಡಾದಿನದ ಬಟ್ಟೆ ಹೊಲಿದು ಮಿಕ್ಕಿದ್ದ ಹಳದಿ ಪಟ್ಟಿ ಇಡೀ ಉಂಡೆ ಇತ್ತು. ಒಳ್ಳೆಯ ಹೊಳೆಯುವ ಹಳದಿ. ಅವಳ ಕೈ ಅದರ ಕಡೆಗೆ ತಾನೇ ಹೋಯಿತು ಎಂದರೂ ತಪ್ಪಿಲ್ಲ.

"ಮೇಡಂ ಬಿಳಿ ಅಂದಿದ್ರಲ್ಲ," ಎಂದ ಗಂಡ.

"ಹೊರಗೆಲ್ಲ ಬಿಳಿನೇ ಇದೆಯಲ್ಲ. ಇದು ಒಳಗಿನ ಅಂಚು. ಪಾಪ, ಒಳಗಿರೋ ನೊಣಗಳಾದ್ರೂ ಸ್ವಲ್ಪ ಬಣ್ಣ ನೋಡ್ಲಿ," ಎಂದಳು ಪೈಪಿಂಗಕ್ಕ.

ಪಂಜರಗಳು ಸಿದ್ಧವಾದವು. ಮಡಚಿದ ಬಟ್ಟೆಯ ಹಿಂದೆ ಹಳದಿ ಅಡಗಿ, ಹೊರಗಿನಿಂದ ನೋಡಿದರೆ ಹಾಲಿನಂತೆ ಬಿಳಿ. ಮೇಡಂ ಬಂದು ಹೊಲಿಗೆಯನ್ನು ಹೊರಗಿನಿಂದ ಎಳೆದು ನೋಡಿ ಮೆಚ್ಚಿದರು. ಎಂದಿನಂತೆ ಒಳಮಗ್ಗುಲು ಮಾಡಿ ತೋರಿಸಬೇಕೆಂದು ಪೈಪಿಂಗಕ್ಕನಿಗೆ ಆಸೆಯಿತ್ತು. ಅಷ್ಟರಲ್ಲಿ ಪಂಜರಗಳನ್ನು ಕಬ್ಬಿಣದ ಚೌಕಟ್ಟಿಗೆ ತೊಡಿಸಿ ಬಿಗಿದಾಗಿತ್ತು.

ಕೆಲವು ವಾರ ಕಳೆದ ಮೇಲೆ ತಮ್ಮ ಬಂದವನೇ ಸೈಕಲ್ಲನ್ನು ಗೋಡೆಗೆ ಎಸೆದಂತೆ ನಿಲ್ಲಿಸಿ ಅಂಗಡಿಯೊಳಕ್ಕೆ ನುಗ್ಗಿದ. ಅವನ ಮುಖ ನೋಡಿಯೇ ಪೈಪಿಂಗಕ್ಕ ಪೆಡಲ್ ನಿಲ್ಲಿಸಿದಳು. ತೋಟದವರ ಹೊಸ ತಳಿ ಪಾಸಾಗಿದೆಯಂತೆ. ಹಳೆಯ ಪಂಜರಗಳಲ್ಲಿಟ್ಟ ಮಾಮೂಲಿ ಸೋಯಾ ಪೂರ್ತಿ ಹಳದಿಯಾದರೆ, ಅಕ್ಕ ಹೊಲಿದ ಪಂಜರಗಳಲ್ಲಿಟ್ಟ ಹೊಸ ತಳಿಯ ಒಂದು ಎಲೆಯೂ ಕೆಟ್ಟಿಲ್ಲವಂತೆ. ಈ ಸಲ ಬಿತ್ತನೆಗೆ ಸ್ವಲ್ಪ ಬೀಜ ಹೊರಗೆ ಕೊಡುತ್ತಾರೆ. ಹೋದ ವರ್ಷ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವನು ಅವನೇ ಆದ್ದರಿಂದ ಮೊದಲ ಪಾಲು ಅವನಿಗೆ. ಅಕ್ಕ ಹೊಲಿದ ಪಂಜರದಲ್ಲಿ ಪಾಸಾದ ಬೀಜ, ಅದನ್ನು ಅಕ್ಕ ಹೊಲಿದ ಚೀಲದಲ್ಲೇ ತರುತ್ತೇನೆ ಎಂದು ಬಟ್ಟೆ ಚೀಲ ಹೊಲಿಯಲು ಹೇಳಿ ಹೋದ. ಆ ದಿನ ಪೈಪಿಂಗಕ್ಕ ಸುಮ್ಮಸುಮ್ಮನೆ ನಗುತ್ತಿದ್ದಳು. ಗಂಡ ಕೇಳಿದರೆ ಏನೂ ಇಲ್ಲ ಎನ್ನುತ್ತಿದ್ದಳು.

ಚೀಲ ಕೊಡಲು ಗಂಡಹೆಂಡಿರಿಬ್ಬರೂ ರಜೆಯ ದಿನ ವ್ಯಾನಿನಲ್ಲಿ ಹೋದರು. ಹೊಲವನ್ನು ತಮ್ಮ ಹದ ಮಾಡಿ ಇಟ್ಟಿದ್ದ. ಮನೆಯ ಹಿಂದೆ ಬದನೆ ಗಿಡಗಳ ಪಾತಿಯೊಂದಿತ್ತು. ಅದರ ನಡುವೆ ಕೋಲುಗಳಿಗೆ ಹಳದಿ ಹಾಳೆಗಳನ್ನು ಕಟ್ಟಿ, ಅವುಗಳಿಗೆ ಎಂಥದೋ ಅಂಟು ಸವರಿದ್ದ. ಹತ್ತಿರ ಹೋಗಿ ನೋಡಿದರೆ ಹಾಳೆಯ ತುಂಬ ಬಿಳಿ ಬಿಳಿ ಚುಕ್ಕೆ. ಯಾಕೋ ಇದು ಎಂದು ಅವಳು ಕೇಳಿದಳು.

"ಬಿಳಿನೊಣ ಅಕ್ಕ. ಬಿತ್ತೋಕೆ ಮುಂಚೆನೇ ಇಲ್ಲಿರೋದನ್ನ ಕಮ್ಮಿ ಮಾಡು ಅಂದ್ರು ಮೇಡಂ," ಎಂದ ತಮ್ಮ, ತಾನೇ ಕಂಡುಹಿಡಿದವನ ಠೀವಿಯಲ್ಲಿ. "ಅದಕ್ಕೆ ಹಳದಿ ಕಂಡ್ರೆ ಹುಚ್ಚು. ಎಳೇ ಚಿಗುರು ಅಂದ್ಕೊಂಡು ಗಿಡ ಬಿಟ್ಟು ಇದರ ಮೇಲೇ ಬಂದು ಕೂತ್ಕೊಳ್ಳುತ್ತೆ."

ಪೈಪಿಂಗಕ್ಕನಿಗೆ ತನ್ನ ಪಂಜರಗಳ ಒಳಗಿನ ಹಳದಿ ಅಂಚು ನೆನಪಾಯಿತು. ತಮ್ಮ ಇನ್ನೂ ಏನೇನೋ ಹೇಳುತ್ತಿದ್ದ. ಹೊಸ ಬೀಜ ಎಲ್ಲಿಂದ ಎಲ್ಲಿಯವರೆಗೆ ಬಿತ್ತುತ್ತೇನೆ, ಮುಂದಿನ ವರ್ಷ ಯಾರು ಯಾರು ತನ್ನ ಬಾಗಿಲಿಗೆ ಬೀಜ ಕೇಳಿಕೊಂಡು ಬರುತ್ತಾರೆ ಎಂಬುದೆಲ್ಲ. ಅವಳ ಕಿವಿಗೆ ಒಂದು ಅಕ್ಷರವೂ ಬೀಳಲಿಲ್ಲ. ಚೀಲಗಳನ್ನು ಅವನ ಕೈಗಿಟ್ಟು, ತಲೆನೋವು ಎಂದು ಹೇಳಿ ವ್ಯಾನು ಹತ್ತಿದಳು.

ಅರ್ಧ ದಾರಿಗೆ ಬಂದಾಗ ಗಂಡ ವ್ಯಾನನ್ನು ಪಕ್ಕಕ್ಕೆ ಹಾಕಿ ಏನಾಯಿತೆಂದು ಕೇಳಿದ. ಅವಳು ಹೇಳಿದಳು. ನೊಣಗಳು ಗಿಡದ ಮೇಲೆ ಕೂರದೆ ತನ್ನ ಪೈಪಿಂಗಿನ ಮೇಲೆ ಕುಳಿತುಬಿಟ್ಟಿದ್ದರೆ ಗಿಡ ಹಸಿರಾಗಿಯೇ ಉಳಿಯುತ್ತದೆ, ಅದರಲ್ಲಿ ತಳಿಯ ಹೆಚ್ಚುಗಾರಿಕೆ ಏನೂ ಇಲ್ಲ. ಇಲ್ಲವೇ ತಳಿ ನಿಜವಾಗಿಯೂ ಒಳ್ಳೆಯದಿರಬಹುದು, ತಾನು ಸುಮ್ಮನೆ ಹೆದರುತ್ತಿರಬಹುದು. ಯಾವುದು ಸರಿ ಎಂದು ಯಾರಿಗೂ ಗೊತ್ತಿಲ್ಲ, ಒಳಗೆ ಹಳದಿ ಇದೆ ಎನ್ನುವುದು ತಮ್ಮಿಬ್ಬರಿಗೆ ಬಿಟ್ಟು ಇನ್ನಾರಿಗೂ ಗೊತ್ತಿಲ್ಲ.

"ಹೇಳದಿದ್ರೆ?" ಎಂದ ಗಂಡ.

"ಹೇಳದಿದ್ರೆ, ಆ ಬೀಜ ಕೆಟ್ಟದ್ದಾಗಿದ್ರೆ, ಅವನ ಹೊಲಕ್ಕೆ ನಾನೇ ಬೆಂಕಿ ಇಟ್ಟ ಹಾಗೆ. ಇನ್ನೊಂದು ವರ್ಷ ಹೋದ ವರ್ಷದ ಹಾಗಾದ್ರೆ ಅವನು ಎದ್ದೇಳಲ್ಲ."

"ಹೇಳಿದ್ರೆ?"

"ನನ್ನ ಮುಖ ನೋಡಲ್ಲ."

ಗಂಡ ಬಹಳ ಹೊತ್ತು ಸ್ಟೀರಿಂಗ್ ಒರೆಸಿದ. ಮುಖ ನೋಡದಿದ್ದರೆ ಪರವಾಗಿಲ್ಲ, ಹೊಲ ಉಳಿಯಲಿ ಎಂದು ಕೊನೆಗೆ ಹೇಳಿದ. ಹೇಳಿದ್ದು ಅವನೇ ಆದರೂ, ಅವಳೂ ಅದನ್ನೇ ಯೋಚಿಸುತ್ತಿದ್ದಳು. ಆದರೂ ಮರುದಿನ ಬೆಳಗ್ಗೆ ಅವಳು ತಕ್ಷಣ ಹೊರಡಲಿಲ್ಲ. ಅವಳೇನು ದೇವತೆಯಲ್ಲ. ತಳಿ ಒಳ್ಳೆಯದೇ ಇರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತ ಮಿಷನ್ನಿಗೆ ಕುಳಿತಳು. ಶರ್ಟಿಗೆ ಕಾಲರನ್ನು ತಿರುಗುಮುರುಗು ಹೊಲಿದಳು, ಬಿಚ್ಚಿದಳು, ಮತ್ತೆ ತಿರುಗುಮುರುಗೇ ಹೊಲಿದಳು. ಗಂಡ ಅವಳ ಚಪ್ಪಲಿ ತಂದು ಕಾಲ ಬಳಿ ಇಟ್ಟ.

ತೋಟದಲ್ಲಿ ಮೇಡಂ ಕೀಟ ಸಾಕುತ್ತಿದ್ದ ನೊಣಮನೆಗೆ ಎರಡು ಬಾಗಿಲು. ಒಂದನ್ನು ಮುಚ್ಚದೆ ಇನ್ನೊಂದನ್ನು ತೆರೆಯುವಂತಿಲ್ಲ. ನಡುವಿನ ಇಕ್ಕಟ್ಟಾದ ಜಾಗದಲ್ಲಿ ಬಿಳಿ ಕೋಟು ತೊಟ್ಟು, ಕನ್ನಡಿಯಲ್ಲಿ ಮೈಮೇಲೆ ನೊಣವಿದೆಯೇ ಎಂದು ನೋಡಿಕೊಳ್ಳಬೇಕು. ಒಳಗೆ ಬಿಸಿ, ಒದ್ದೆ ಮಣ್ಣಿನ ವಾಸನೆ, ಸಾಲಾಗಿ ಪಂಜರಗಳು. ಪೈಪಿಂಗಕ್ಕ ತಾನು ಹೊಲಿದದ್ದರ ಮುಂದೆ ನಿಂತು, ಒಳಗಿನ ಅಂಚಿಗೆ ಯಾವ ಬಣ್ಣ ಹಾಕಿದ್ದೇನೆಂದು ಮೇಡಂಗೆ ಹೇಳಿದಳು. ಹೇಳುವಾಗ ಅವರ ಕನ್ನಡಕ ನೋಡದೆ ಅವರ ಚಪ್ಪಲಿ ನೋಡಿದಳು.

ಮೇಡಂ ಮೊದಲು ನಂಬಲಿಲ್ಲ. ನೊಣಗಳು ಮೇಲಿನ ಮೂಲೆಗಳಲ್ಲಿ ಗುಂಪಾಗುವುದನ್ನು ಅವರು ಕಂಡಿದ್ದರಂತೆ, ಬೆಳಕಿಗೆ ಹೋಗುತ್ತಿವೆ ಎಂದುಕೊಂಡಿದ್ದರಂತೆ. ಒಂದು ಪಂಜರದ ಗಿಡಗಳನ್ನು ಆಚೆ ತೆಗೆಸಿ, ಬಟ್ಟೆಯನ್ನು ಚೌಕಟ್ಟಿನಿಂದ ಬಿಡಿಸಿ ಒಳಮಗ್ಗುಲು ಮಾಡಿದರು. ಹಳದಿ ಅಂಚಿನ ಉದ್ದಕ್ಕೂ, ಮಡಿಕೆಯ ಒಳಗೆ, ಸತ್ತ ಬಿಳಿನೊಣಗಳು ಹಿಟ್ಟು ಚೆಲ್ಲಿದಂತೆ ಅಂಟಿಕೊಂಡಿದ್ದವು. ಹೊಟ್ಟೆಗಿಲ್ಲದೆ ಅಲ್ಲೇ ಕುಳಿತು ಸತ್ತಿದ್ದವು.

ಮೇಡಂ ಮಗುಚಿ ಇಟ್ಟ ಬಕೆಟ್ಟಿನ ಮೇಲೆ ಕುಳಿತರು. ಬೈಯುತ್ತಾರೆ ಎಂದು ಪೈಪಿಂಗಕ್ಕ ಕಾದಳು. ಅವರು ಬೈಯಲಿಲ್ಲ. ಪ್ರತಿ ಪಂಜರದಲ್ಲೂ ಹೊಸ ತಳಿಯ ಜೊತೆ ಒಂದು ಮಾಮೂಲಿ ಗಿಡ ಇಟ್ಟಿದ್ದರೆ ಅದೂ ಹಸಿರಾಗಿ ನಿಂತು ಮೊದಲೇ ಗುಟ್ಟು ಬಿಟ್ಟುಕೊಡುತ್ತಿತ್ತು, ಜಾಗ ಸಾಲದೆಂದು ತಾವು ಅದನ್ನು ಬಿಟ್ಟಿದ್ದು ತಪ್ಪಾಯಿತು ಎಂದರು. ಬಿಳಿ ಯಾಕೆ ಎಂದು ಒಂದು ಮಾತು ಹೇಳದಿದ್ದದ್ದೂ ತಪ್ಪೇ ಎಂದರು.

"ಇನ್ನೂ ಬೀಜ ಮಣ್ಣಿಗೆ ಬಿದ್ದಿಲ್ಲವಲ್ಲ ಅಕ್ಕ, ಅದೇ ಪುಣ್ಯ. ಯಾರಿಗೂ ಕೊಡೋದು ಬೇಡ. ಮತ್ತೆ ಮೊದಲಿಂದ ಮಾಡೋಣ," ಎಂದರು. ಉಳಿದ ರೈತರಿಗೆ ನಾವು ತಿಳಿಸುತ್ತೇವೆ, ನಿಮ್ಮ ತಮ್ಮನಿಗೂ ನಾವೇ ಹೇಳಬೇಕೆ ಎಂದು ಕೇಳಿದರು. ಬೇಡ, ಅವನಿಗೆ ನಾನೇ ಹೇಳಬೇಕು ಎಂದಳು ಪೈಪಿಂಗಕ್ಕ.

ತಮ್ಮ ಅಂಗಳದಲ್ಲಿ ನಿಂತೇ ಕೇಳಿಸಿಕೊಂಡ. ಅವನ ಮುಖ ಮೊದಲು ಬಿಳುಚಿತು, ಆಮೇಲೆ ಕೆಂಪಾಯಿತು. ಬಿಳಿ ಎಂದರೆ ಬಿಳಿ ಹೊಲಿಯಲು ನಿನಗೇನು ಕಷ್ಟ ಎಂದ. ನಿನ್ನ ಚೆಂದದ ಹುಚ್ಚಿಗೆ ನನ್ನ ಬೀಜ ಹೋಯಿತು ಎಂದ. ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ, ಈಗ ಯಾವ ಮುಖ ಹೊತ್ತು ತಿರುಗಲಿ ಎಂದ. ಕಡೆಗೆ ದನಿ ಇಳಿಸಿ ಹೇಳಿದ.

"ಆ ಬೀಜ ಒಳ್ಳೇದೇ ಇದ್ದಿದ್ರೆ? ಗೊತ್ತಿಲ್ಲ ತಾನೇ ನಿನಗೆ? ಬಟ್ಟೆಗೆಲ್ಲ ಹೊಲಿಗೆ ಹಾಕ್ತೀಯ, ನಿನ್ನ ಬಾಯಿಗೂ ಒಂದು ಹಾಕ್ಕೋಬಾರದಿತ್ತಾ?"

ಗೊತ್ತಿಲ್ಲ ಎಂಬುದು ನಿಜವೇ ಆಗಿತ್ತು. ತಮ್ಮ ಬೆನ್ನು ತಿರುಗಿಸಿ, ಮೊದಲೇ ತೊಳೆದಿಟ್ಟಿದ್ದ ಔಷಧಿ ಕ್ಯಾನನ್ನು ಮತ್ತೊಮ್ಮೆ ತೊಳೆಯತೊಡಗಿದ. ಅಂದಿನಿಂದ ಅಕ್ಕನ ಜೊತೆ ಮಾತು ಬಿಟ್ಟ.

ಬಿತ್ತನೆಯ ಕಾಲ ಕಾಯುವುದಿಲ್ಲವಲ್ಲ. ಮೇಡಂ ಅವನ ಮನೆಗೇ ಹೋಗಿ, ಮಾಮೂಲಿ ಬೀಜವನ್ನೇ ಬಿತ್ತು, ಆದರೆ ಹೋದ ವರ್ಷದ ಹಾಗೆ ಬೇಡ ಎಂದು ಕುಳ್ಳಿರಿಸಿಕೊಂಡು ಹೇಳಿದರು. ಹೊಲದ ಸುತ್ತ ಮೊದಲೇ ಜೋಳ ಬಿತ್ತಿಸಿದರು. ಸೋಯಾ ಮೊಳೆಯುವ ಹೊತ್ತಿಗೆ ಜೋಳ ಎತ್ತರಕ್ಕೆ ನಿಂತಿದ್ದರೆ ಹೊರಗಿನಿಂದ ಬರುವ ನೊಣವನ್ನು ಅಲ್ಲೇ ತಡೆಯುತ್ತದೆ. ಬದುವಿನ ಕಳೆಯಲ್ಲಿ ನೊಣ ಮನೆ ಮಾಡಿಕೊಂಡಿರುತ್ತದೆ ಎಂದು ಅದನ್ನು ಕೀಳಿಸಿದರು. ಔಷಧಿ ಕ್ಯಾನನ್ನು ಅಟ್ಟಕ್ಕೆ ಹಾಕಿಸಿದರು. ಕಂಡಕಂಡಾಗ ಸಿಂಪಡಿಸಿದರೆ ನೊಣವನ್ನು ತಿನ್ನುವ ಒಳ್ಳೆಯ ಹುಳುಗಳು ಮೊದಲು ಸಾಯುತ್ತವೆ, ಹೋದ ವರ್ಷ ಆದದ್ದೇ ಅದು. ವಾರಕ್ಕೊಮ್ಮೆ ಎಲೆ ತಿರುವಿ ನೋಡಿ, ಬೇಕೆನಿಸಿದರೆ ನಾನೇ ಹೇಳುತ್ತೇನೆ ಎಂದರು. ಎಲ್ಲಕ್ಕಿಂತ ಮುಖ್ಯ, ಒಂದು ಗಿಡ ಹಳದಿಯಾದರೂ ಆಗಲೇ ಕಿತ್ತುಬಿಡಬೇಕು.

ತಮ್ಮ ಬೇರೆ ದಾರಿಯಿಲ್ಲದೆ ಎಲ್ಲವನ್ನೂ ಮಾಡಿದ. ಆದರೆ ಮೊದಲ ಹಳದಿ ಗಿಡಗಳು ಕಂಡಾಗ, ನಡುಮಧ್ಯಾಹ್ನ ಕಿತ್ತು, ಕಂಕುಳ ತುಂಬ ಹೊತ್ತುಕೊಂಡು ಇಡೀ ಹೊಲ ದಾಟಿ ಆಚೆ ಎಸೆದು ಬಂದ. ದಾರಿಯುದ್ದಕ್ಕೂ ನೊಣಗಳು ಆ ಹೊರೆಯಿಂದ ಹಾರಿ ಒಳ್ಳೆಯ ಗಿಡಗಳ ಮೇಲೆ ಕುಳಿತವು. ಕೆಲವು ದಿನಗಳಲ್ಲಿ ಅವನು ನಡೆದ ಜಾಡೇ ಹಳದಿಯಾಯಿತು. ಮೇಡಂ ತಲೆ ಚಚ್ಚಿಕೊಂಡು, ಬಿಸಿಲೇರುವ ಮುಂಚೆ ನೊಣ ಇನ್ನೂ ಜಡವಾಗಿರುವಾಗ ಕೀಳಬೇಕು, ಕಿತ್ತ ಗಿಡವನ್ನು ನಿಂತಲ್ಲೇ ಚೀಲಕ್ಕೆ ಹಾಕಿ ಬಾಯಿ ಬಿಗಿಯಬೇಕು ಎಂದರು.

ಈ ಸುದ್ದಿ ಪೈಪಿಂಗಕ್ಕನಿಗೆ ಮೇಡಂನಿಂದಲೇ ತಿಳಿಯಿತು. ಅಂದೇ ಕುಳಿತು ಉದ್ದನೆಯ ಚೀಲಗಳನ್ನು ಹೊಲಿದಳು. ಹೆಗಲಿಗೆ ಹಾಕಿಕೊಳ್ಳುವ ಪಟ್ಟಿ, ಒಂದೇ ಕೈಯಲ್ಲಿ ಎಳೆದು ಮುಚ್ಚುವ ದಾರ. ಬಟ್ಟೆ ಬಿಳಿ, ದಾರ ಬಿಳಿ. ಯಾವ ಅಂಚಿಗೂ ಪೈಪಿಂಗ್ ಇಲ್ಲ. ಗಂಡ ಒಂದನ್ನು ಎತ್ತಿ ಹಿಂದೆಮುಂದೆ ತಿರುಗಿಸಿ ನೋಡಿ, ಮೈ ಹುಷಾರಿಲ್ಲವೇ ಎಂದು ಕೇಳಿದ. ಚೀಲಗಳನ್ನು ಅವನ ಕೈಲೇ ಕಳಿಸಿದಳು. ತಮ್ಮ ಯಾರು ಹೊಲಿದದ್ದೆಂದು ಕೇಳದೆ ಹೆಗಲಿಗೆ ಹಾಕಿಕೊಂಡ.

ಮುಂದಿನ ರಜೆಯ ದಿನ ಅವಳೇ ಹೊರಟಳು. ಬೆಳಕು ಹರಿಯುವ ಹೊತ್ತಿಗೆ ಗಂಡಹೆಂಡಿರು ಹೊಲದ ಅಂಚಿನಲ್ಲಿ ನಿಂತಿದ್ದರು. ತಮ್ಮ ನೋಡಿದ, ಬನ್ನಿ ಎನ್ನಲಿಲ್ಲ, ಹೋಗಿ ಎನ್ನಲೂ ಇಲ್ಲ. ಮೂವರೂ ಒಂದೊಂದು ಸಾಲು ಹಿಡಿದರು. ಹೊಲಿಗೆಯಲ್ಲಿ ಎಳೆ ತಪ್ಪಿದ್ದನ್ನು ಹುಡುಕಿ ರೂಢಿಯಿದ್ದ ಪೈಪಿಂಗಕ್ಕನ ಕಣ್ಣಿಗೆ ಬಣ್ಣ ತಪ್ಪಿದ ಎಲೆ ಬೇಗ ಬೀಳುತ್ತಿತ್ತು. ಗಿಡವನ್ನು ಅಲುಗಿಸದೆ ಚೀಲದ ಬಾಯನ್ನು ಮೇಲಿನಿಂದ ತೊಡಿಸಿ, ಬುಡ ಹಿಡಿದು ಎಳೆದು, ದಾರ ಬಿಗಿಯುತ್ತಿದ್ದಳು. ಆಮೇಲೆ ಎಲ್ಲ ಚೀಲಗಳನ್ನು ದೂರದಲ್ಲಿ ತೋಡಿದ ಗುಂಡಿಗೆ ಸುರಿದು ಮಣ್ಣು ಮುಚ್ಚುತ್ತಿದ್ದರು.

ಹೀಗೆ ರಜೆಯ ದಿನಗಳೆಲ್ಲ ಹೊಲದಲ್ಲೇ ಕಳೆದವು. ತಮ್ಮನ ಮೌನವೂ ಒಂದು ಬಗೆಯ ನಾಟಕವಾಯಿತು. ಅಕ್ಕ ಪಕ್ಕದ ಸಾಲಿನಲ್ಲೇ ಇದ್ದರೂ ಅವನು ದೂರದ ಭಾವನನ್ನು ಕೂಗಿ, "ಭಾವ, ನಿಮ್ಮ ಮನೆಯವರಿಗೆ ಹೇಳಿ, ಆ ಕಡೆ ಒಂದು ಗಿಡ ಬಿಟ್ಟಿದ್ದಾರೆ," ಎನ್ನುತ್ತಿದ್ದ. ಭಾವ ಅಷ್ಟೇ ಗಂಭೀರವಾಗಿ ಅದನ್ನು ಹೆಂಡತಿಗೆ ದಾಟಿಸಿ, ಅವಳ ಉತ್ತರವನ್ನು ವಾಪಸ್ಸು ಕೂಗುತ್ತಿದ್ದ. ವ್ಯಾನಿನಲ್ಲಿ ಮಕ್ಕಳನ್ನು ಸಾಗಿಸುವುದೇ ವಾಸಿ, ನಿಮ್ಮಿಬ್ಬರ ಮಾತು ಸಾಗಿಸಿ ಗಂಟಲು ಬಿದ್ದುಹೋಯಿತು ಎಂದು ಒಮ್ಮೆ ಅವನೇ ಗೊಣಗಿದ. ಯಾರೂ ನಗಲಿಲ್ಲ. ತಮ್ಮನ ಮೀಸೆ ಮಾತ್ರ ಸ್ವಲ್ಪ ಅಲುಗಿತು ಎಂದು ಪೈಪಿಂಗಕ್ಕನಿಗೆ ಅನ್ನಿಸಿತು.

ಸೋಯಾ ಹೂ ಬಿಟ್ಟಿತು. ಹಳದಿ ಅಲ್ಲೊಂದು ಇಲ್ಲೊಂದು ಕಾಣುತ್ತಿತ್ತು, ಹರಡಲಿಲ್ಲ. ಕಾಯಿ ಕಚ್ಚಿದವು, ತುಂಬಿಕೊಂಡವು. ಹೆಬ್ಬೆರಳಲ್ಲಿ ಒತ್ತಿದರೆ ಒಳಗಿನ ಕಾಳು ಗಟ್ಟಿಯಾಗಿ ಸಿಗುತ್ತಿತ್ತು. ತಮ್ಮ ಅವುಗಳನ್ನು ಒತ್ತಿ ನೋಡುವುದನ್ನು ಅವಳು ದೂರದಿಂದ ನೋಡಿ ಒಳಗೊಳಗೇ ಹಿಗ್ಗಿದಳು. ಆದರೆ ಒಂದು ಮಾತು ಅವಳನ್ನು ಕೊರೆಯುತ್ತಲೇ ಇತ್ತು. ಆ ಹೊಸ ಬೀಜ ನಿಜವಾಗಿಯೂ ಒಳ್ಳೆಯದಾಗಿದ್ದರೆ, ಅವನ ಸಿಟ್ಟು ನ್ಯಾಯವೇ. ಇಷ್ಟೊಂದು ಬೆನ್ನು ಬಗ್ಗಿಸುವ ಕೆಲಸವೇ ಇಲ್ಲದೆ ಅವನು ಸುಖವಾಗಿ ಇರುತ್ತಿದ್ದ.

ನೊಣಮನೆಯಲ್ಲಿ ಪರೀಕ್ಷೆ ಮತ್ತೆ ನಡೆಯುತ್ತಿತ್ತು. ಹಳದಿ ಅಂಚನ್ನೆಲ್ಲ ಅವಳೇ ಕೂತು ಬಿಚ್ಚಿ ಬಿಳಿ ಕಟ್ಟಿಕೊಟ್ಟಿದ್ದಳು. ಈ ಸಲ ಪ್ರತಿ ಪಂಜರದಲ್ಲೂ ಹೊಸ ತಳಿಯ ಪಕ್ಕ ಮಾಮೂಲಿ ಗಿಡವೂ ಇತ್ತು. ಅಂಗಡಿಗೆ ಬೀಗ ಹಾಕಿದ ಸಂಜೆಗಳಲ್ಲಿ ಅವಳು ಅಲ್ಲಿಗೆ ಹೋಗಿ ಬಲೆಗೆ ಮೂಗು ತಾಗಿಸಿ ನಿಲ್ಲುತ್ತಿದ್ದಳು. ಮಾಮೂಲಿ ಗಿಡಗಳು ಬೇಗನೆ ಹಳದಿಗೆ ತಿರುಗಿದವು. ಹೊಸವು ಹಸಿರಾಗಿಯೇ ನಿಂತವು. ಅವಳಿಗೆ ಎಂಥ ಸಂಕಟವೆಂದರೆ, ಅವು ಹಸಿರಾಗಿ ಉಳಿಯಲಿ ಎಂದು ಬೇಡಿಕೊಳ್ಳುವುದೋ ಬೇಡವೋ ಎಂದೇ ತಿಳಿಯುತ್ತಿರಲಿಲ್ಲ. ಉಳಿದರೆ ಎಲ್ಲರಿಗೂ ಒಳ್ಳೆಯ ಬೀಜ, ತಾನು ತಮ್ಮನ ಒಂದು ವರ್ಷ ಕಳೆದವಳು. ಆದರೂ ಉಳಿಯಲಿ ಎಂದೇ ಬೇಡಿಕೊಂಡಳು.

ಉಳಿಯಲಿಲ್ಲ. ಒಂದು ಸಂಜೆ ಎಳೆಯ ಎಲೆಯೊಂದರ ಮೇಲೆ ಚುಕ್ಕಿ ಕಂಡಿತು. ನಾಲ್ಕು ದಿನ ಬಿಟ್ಟು ಹೋದಾಗ ಹೊಸ ತಳಿಯ ಸಾಲುಗಳೂ ಪೂರ್ತಿ ಹಳದಿ. ಮಾಮೂಲಿಗಿಂತ ತಡವಾಗಿ ಕೆಟ್ಟಿದ್ದವು, ಕೆಟ್ಟ ಮೇಲೆ ಅದಕ್ಕಿಂತ ಜೋರಾಗಿ. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು, ಇನ್ನೂ ಹಲವು ತಳಿಗಳಿವೆ, ಹುಡುಕೋಣ ಎಂದರು. ಪೈಪಿಂಗಕ್ಕ ಗೆದ್ದವಳಂತೆ ನಿಲ್ಲಬಹುದಿತ್ತು. ಅವಳಿಗೆ ಅಳು ಬಂತು, ಕೋಟಿನ ತೋಳಲ್ಲಿ ಮುಖ ಒರೆಸಿಕೊಂಡಳು. ಈ ಸುದ್ದಿಯನ್ನು ತಮ್ಮನಿಗೆ ಮುಟ್ಟಿಸಬೇಡಿ, ನಾನೇ ಸರಿ ಎಂದು ಹೇಳಿಸಿದ ಹಾಗಾಗುತ್ತದೆ ಎಂದು ಗಂಡನಿಗೆ ತಾಕೀತು ಮಾಡಿದಳು. ಗಂಡ ಆಯಿತು ಎಂದ. ಮರುದಿನ ಬೆಳಗಿನ ಟ್ರಿಪ್ ಮುಗಿಸಿದವನೇ ನೇರ ಹೊಲಕ್ಕೆ ಹೋಗಿ ಹೇಳಿದ.

ಅಂದು ಸಂಜೆ ಅವಳು ನೊಣಮನೆಯಲ್ಲಿದ್ದಾಗ ಹೊರಬಾಗಿಲು ತೆರೆದ ಸದ್ದಾಯಿತು. ಒಳಗೆ ಬಂದವನು ತಮ್ಮ, ಅವನ ಹಿಂದೆ ಗಂಡ. ತಮ್ಮನ ಕಾಲಿನ ಮಣ್ಣು ಇನ್ನೂ ಒಣಗಿರಲಿಲ್ಲ. ಬಿಳಿ ಕೋಟು ಅವನಿಗೆ ಬಿಗಿಯಾಗಿ ತೋಳು ಮೊಣಕೈಗೆ ನಿಂತಿತ್ತು. ಇದೇ ಆ ಬೀಜವೇ ಎಂದು ಮೇಡಂ ಅವರನ್ನು ಕೇಳಿದ. ಅವರು ಹೌದೆಂದು ತಲೆಯಾಡಿಸಿದರು. ಅವನು ಒಂದೊಂದು ಪಂಜರದ ಮುಂದೆಯೂ ನಿಂತು, ಬಗ್ಗಿ, ಕೊನೆಯವರೆಗೂ ನೋಡಿಕೊಂಡು ಹೋದ. ಕಡೆಯ ಪಂಜರದ ಬಳಿ ನೇರವಾದವನು ಭಾವನ ಕಡೆ ತಿರುಗಲಿಲ್ಲ.

"ಅಕ್ಕ," ಎಂದ. "ಇದು ನನ್ನ ಹೊಲ ಆಗ್ತಿತ್ತು."

ಅವಳು ಹೂಂ ಎಂದಳು.

"ನಾಳೆ ಬರ್ತೀಯಾ? ಜೋಳದ ಮೂಲೇಲಿ ಇನ್ನೂ ಎರಡು ಗಿಡ ಹಳದಿಗೆ ತಿರುಗಿವೆ. ಭಾವನಿಗೆ ಕೀಳೋಕೆ ಬರಲ್ಲ, ಬರೀ ಎಲೆ ಹರೀತಾರೆ."

ಪೈಪಿಂಗಕ್ಕ ಅವನ ಕೋಟಿನ ತೋಳನ್ನು ಕೆಳಕ್ಕೆಳೆದು ಸರಿಮಾಡುತ್ತ, "ಬರ್ತೀನಿ," ಎಂದಳು.